ಕುಸುಬಿ ಎಣ್ಣೆ ಕುಡಿದ ಗಿಟಾರ

2023ರ ಅಕ್ಟೋಬರ್ 8, ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಸುವರ್ಣಾ ರೋಣದ ತನ್ನ ಗಂಡನ ಮನೆಯ ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ನಿಂತು, ಗೋಡೆಯ ಮೊಳೆಗೆ ನೇತುಹಾಕಿದ್ದ ಗಿಟಾರನ್ನು ಕೆಳಗಿಳಿಸಿದಳು. ನವರಾತ್ರಿಗೆ ಇನ್ನೊಂದು ವಾರವಿತ್ತು. ಸುಣ್ಣ ಹಚ್ಚುವವರು ಹತ್ತು ಗಂಟೆಗೆ ಬರುವವರಿದ್ದರು. ಹದಿನೇಳು ವರ್ಷದ ಹಿಂದೆ ಅವಳು ಈ ಮನೆಗೆ ಸೊಸೆಯಾಗಿ ಬಂದಾಗಲೂ ಗಿಟಾರ ಅದೇ ಮೊಳೆಗೇ ಇತ್ತು. ದಸರೆಗೆ ಇಳಿಯುವುದು, ಪೂಜೆ ಮುಗಿದ ಮೇಲೆ ಏರುವುದು, ಅಷ್ಟೇ ಅದರ ಸಂಚಾರ.

ಅದು ಮಾವ ತೋಟಪ್ಪನವರದು. ಹುಬ್ಬಳ್ಳಿಯಲ್ಲಿ ಬಿ.ಕಾಂ. ಓದುವಾಗ, 1977ರಲ್ಲಿ, ಇದ್ದುದರಲ್ಲೇ ಅಗ್ಗದ್ದೆಂದು ಕೊಂಡದ್ದು. ಒಳಗಿನ ಚೀಟಿಯ ಮೇಲಿದ್ದ ಹೆಸರು ಯಾವಾಗಲೋ ಅಳಿಸಿಹೋಗಿತ್ತು. ಓದು ಮುಗಿಸಿ ಊರಿಗೆ ಬಂದು ಅಪ್ಪನ ಕಡಲೆ, ಕುಸುಬಿಯ ಅಡತಿ ಅಂಗಡಿಯಲ್ಲಿ ಕೂತ ಮೇಲೂ ಅವರು ಸಂಜೆ ಹೊತ್ತು ಬಾರಿಸುತ್ತಿದ್ದರಂತೆ. 1998ರಲ್ಲಿ, ನಲವತ್ಮೂರನೆಯ ವಯಸ್ಸಿಗೆ, ಬಿಟ್ಟರು. ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆಲ್ಲ ಎಡಗೈ ತೋರಿಸಿ ಒಂದೇ ಮಾತು ಹೇಳುತ್ತಿದ್ದರು: ಕೈ ಹೋತು.

ಈ ಎರಡು ವರ್ಷಗಳಿಂದ ಆ ಮಾತಿನ ವ್ಯಾಪ್ತಿ ಹೆಚ್ಚಾಗಿತ್ತು. ಕೈ ಹೋಯಿತೆಂದು ತೋಟಪ್ಪನವರು ಅಂಗಡಿಗೆ ಹೋಗುವುದನ್ನು ಬಿಟ್ಟು ಮಗ ಅಮರೇಶನಿಗೆ ವಹಿಸಿದರು. ಕೈ ಹೋಯಿತೆಂದು ಹಿತ್ತಲಿನ ಬಳ್ಳಿಗಳಿಗೆ ಹಂದರ ಕಟ್ಟುವುದನ್ನು ಬಿಟ್ಟರು. ಈಚೆಗೆ ಅಂಗಿಯ ಗುಂಡಿಯನ್ನೂ ಹೆಂಡತಿಯ ಕೈಯಲ್ಲೇ ಹಾಕಿಸಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಗದಗಿನ ಡಾಕ್ಟರಿಗೆ ತೋರಿಸಿದಾಗ ಅವರು ಬೆರಳುಗಳನ್ನು ಮಡಚಿಸಿ, ಬಿಡಿಸಿ ನೋಡಿ, ಅರವತ್ತೆಂಟಕ್ಕೆ ಇಷ್ಟು ಬಿಗಿತ ಇರುವುದೇ, ಹೆಚ್ಚು ಕೆಲಸ ಕೊಡಿ ಎಂದಿದ್ದರು. ತೋಟಪ್ಪನವರು ಕೆಲಸ ಇನ್ನೂ ಕಡಿಮೆ ಮಾಡಿದರು. ಡಾಕ್ಟರಿಗೇನು ಗೊತ್ತು, ನನ್ನ ಕೈ ಹೋದದ್ದು ಇಪ್ಪತ್ತೈದು ವರ್ಷದ ಹಿಂದೆಯೇ ತಂತಿಯ ಮೇಲೆ ಗೊತ್ತಾಗಿದೆ ಎನ್ನುವುದು ಅವರ ವಾದ.

ಸುವರ್ಣಾ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ಅಳತೆಯಿಲ್ಲದ ವಾದ ಅವಳಿಗೆ ಒಗ್ಗುವುದಿಲ್ಲ. ಅವತ್ತು ಧೂಳು ಒರೆಸುತ್ತಿದ್ದಾಗ, ಇನ್ನೂ ಉಳಿದಿದ್ದ ಎರಡು ತುಕ್ಕು ಹಿಡಿದ ತಂತಿಗಳಲ್ಲಿ ಒಂದನ್ನು ಸುಮ್ಮನೆ ಒತ್ತಿ ನೋಡಿದಳು. ಬೆರಳಿನ ತುದಿ ಕೊಯ್ದಂತಾಯಿತು, ತಂತಿ ಕೆಳಗೆ ಮುಟ್ಟಲಿಲ್ಲ. ನಲವತ್ತೆರಡು ವರ್ಷದ ತನ್ನ ಕೈಗೂ ಇದು ಒತ್ತಲಾಗುವುದಿಲ್ಲ ಎಂಬುದು ಅವಳಿಗೆ ವಿಚಿತ್ರವೆನಿಸಿತು. ಒಳಗೆ ಹೋಗಿ ಎಂ.ಎಸ್ಸಿ. ದಿನಗಳ ವರ್ನಿಯರ್ ಕ್ಯಾಲಿಪರ್ ತಂದಳು. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಡ್ಡ ಕೂರಿಸಿರುವ ಲೋಹದ ಗೆರೆಗಳಲ್ಲಿ ಹನ್ನೆರಡನೆಯದರ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಎಂದು ಮೂರು ಸಲ ಅಳೆದು ಸರಾಸರಿ ತೆಗೆದಳು. ಆರು ಪಾಯಿಂಟ್ ನಾಲ್ಕು ಮಿಲಿಮೀಟರ್. ಮೊಬೈಲಿನಲ್ಲಿ ನೋಡಿದರೆ, ಮೂರಕ್ಕಿಂತ ಕಡಿಮೆ ಇರಬೇಕೆಂದಿತ್ತು.

ಕಾರಣವೂ ಕಣ್ಣಿಗೇ ಕಂಡಿತು. ತಂತಿಗಳ ಬಾಲ ಸಿಕ್ಕಿಸುವ ಕಟ್ಟಿಗೆಯ ಪಟ್ಟಿ, ಬ್ರಿಡ್ಜ್, ಹಿಂದಿನಿಂದ ಅಂಟು ಬಿಟ್ಟು ಎದ್ದು ನಿಂತಿತ್ತು. ಮದುವೆಯ ಆಮಂತ್ರಣದ ಕಾರ್ಡು ಅದರ ಅಡಿಗೆ ಸಲೀಸಾಗಿ ಅರ್ಧ ಇಂಚು ಹೋಯಿತು. ಅದರ ಹಿಂದಿನ ತೆಳು ಹಲಗೆಯೂ ಉಬ್ಬಿತ್ತು.

ತೋಟಪ್ಪನವರು ಬಚ್ಚಲಿನಿಂದ ಹೊರಬಂದಾಗ ಸೊಸೆ ಈ ಲೆಕ್ಕವನ್ನೆಲ್ಲ ಒಪ್ಪಿಸಿದಳು. ಅವರು ವಿಭೂತಿ ಹಚ್ಚಿಕೊಳ್ಳುತ್ತ ಪೂರ್ತಿ ಕೇಳಿದರು.

"ಕೈ ಹೋದ ಮ್ಯಾಲೆ ತಂತಿ ಎಷ್ಟ ಎತ್ತರ ಇದ್ದರೇನವಾ. ಎಫ್ ಕಾರ್ಡ್ ಹಿಡಿಯಾಕ ಆಗಲಿಲ್ಲ ಅಂದ್ರ ಅಲ್ಲಿಗೆ ಗಿಟಾರ ಮುಗೀತು."

ಎಫ್ ಕಾರ್ಡ್ ಎಂದರೆ ತೋರುಬೆರಳೊಂದನ್ನೇ ಅಡ್ಡ ಮಲಗಿಸಿ ಆರೂ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವುದು. 1998ರಲ್ಲಿ ಅವರಿಗೆ ಮೊದಲು ಕೈಕೊಟ್ಟದ್ದು ಅದೇ.

ದುರಸ್ತಿ ಮಾಡಲೇ ಎಂದು ಸುವರ್ಣಾ ಕೇಳಿದಳು. ಮಾಡು, ನಿನ್ನ ಕಾಲೇಜಿಗೂ ರಜೆ, ಅದಕ್ಕೂ ರಜೆ ಎಂದರು. ನಕ್ಕಂತೆಯೇ ಹೇಳಿದರು, ಆದರೆ ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿಕೊಳ್ಳುತ್ತಿದ್ದುದನ್ನು ಅವಳು ಗಮನಿಸಿದಳು. ತಂತಿ ಇಳಿಸಿ, ಅದೇ ಕೈಯಿಂದ ಅದೇ ಕಾರ್ಡ್ ಹಿಡಿಸಿದರೆ, ಆ ಒಂದು ಪ್ರಯೋಗ ಸಾಕು ಎಂದು ಅವಳಿಗೆ ಆಗಲೇ ಅನಿಸಿತ್ತು. ಬೇರೆ ಯಾವ ಸಮಾಧಾನವೂ ಅವರ ತಲೆಗೆ ಇಳಿಯುವಂತಿರಲಿಲ್ಲ.

ಕೆಲಸ ಶುರುವಾದದ್ದು ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ. ಸುವರ್ಣಾ ತೆಳ್ಳನೆಯ ದೋಸೆ ಮಗಚುವ ಸಟ್ಟುಗವನ್ನು ಬ್ರಿಡ್ಜಿನ ಅಡಿಗೆ ತೂರಿಸಿ ನಿಧಾನಕ್ಕೆ ಅದನ್ನು ಪೂರ್ತಿ ಬಿಡಿಸಿದಳು. ಹಳೆಯ ಅಂಟನ್ನು ಕೆರೆದು, ಬಡಗಿಗಳು ಬಳಸುವ ಬಿಳಿ ಅಂಟು ಹಚ್ಚಿ ಮತ್ತೆ ಕೂರಿಸಿದಳು. ಒತ್ತಿ ಹಿಡಿಯುವ ಕ್ಲ್ಯಾಂಪ್ ಇರಲಿಲ್ಲ. ಹಲಗೆ ಒಳಗೆ ಕುಸಿಯದಂತೆ ಗಿಟಾರಿನ ಹೊಟ್ಟೆಯೊಳಗೆ ಸರಿಯಾದ ಎತ್ತರಕ್ಕೆ ಕತ್ತರಿಸಿದ ಕಟ್ಟಿಗೆಯ ತುಂಡೊಂದನ್ನು ಆಸರೆ ಕೊಟ್ಟು, ಮೇಲೆ ಅಂಗಡಿಯ ಹಳೆಯ ಐದು ಕಿಲೋದ ಎರಡು ತೂಕದ ಕಲ್ಲು ಹೇರಿದಳು. ಎಲೆಕ್ಟ್ರಾನಿಕ್ ಕಾಟಾ ಬಂದ ಮೇಲೆ ಬಾಗಿಲಿಗೆ ಅಡ್ಡ ಇಡುವುದಕ್ಕಷ್ಟೇ ಉಳಿದಿದ್ದ ಆ ಕಲ್ಲುಗಳನ್ನು ನೋಡಿ ಅಮರೇಶ, ಗಿಟಾರ ತೂಗಿ ಮಾರುತ್ತೀಯೇನು ಎಂದು ಕೇಳಿದ.

ಒಂದು ದಿನ ಪೂರ್ತಿ ಬಿಟ್ಟಳು. ಮಂಗಳವಾರ ಸಂಜೆ ಹೊಸ ತಂತಿಗಳನ್ನು ಒಂದೊಂದಾಗಿ ಏರಿಸಿದಳು. ನಾಲ್ಕನೆಯದನ್ನು ಬಿಗಿಯುವಾಗ ಬ್ರಿಡ್ಜ್ ಟಪ್ಪನೆ ಕಿತ್ತು ಬಂದು ಅವಳ ಮಣಿಕಟ್ಟಿಗೆ ಬಡಿಯಿತು.

ತೋಟಪ್ಪನವರು ಬಾಗಿಲಲ್ಲೇ ನಿಂತಿದ್ದರು. ಹಾಗೆಯೇ ತಿರುಗಿ ಹೋದರು. ಸ್ವಲ್ಪ ಹೊತ್ತಿನ ನಂತರ ಪಡಸಾಲೆಯಿಂದ ಅವರು ಹೆಂಡತಿ ರೇಣುಕವ್ವನಿಗೆ, ಅಂಗಿಯ ಗುಂಡಿ ಬಿಚ್ಚು ಬಾ ಎನ್ನುವುದು ಕೇಳಿಸಿತು.

ಆ ಮಾತು ಸುವರ್ಣಾಳನ್ನು ಮಣಿಕಟ್ಟಿನ ಪೆಟ್ಟಿಗಿಂತ ಹೆಚ್ಚು ನೋಯಿಸಿತು. ಅವಳು ಬ್ರಿಡ್ಜನ್ನು ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಅಂಟು ಅದಕ್ಕೇ ಹತ್ತಿಕೊಂಡು, ಹಲಗೆಯ ಕಡೆಯಿಂದ ಹಾವಿನ ಪೊರೆಯಂತೆ ಇಡಿಯಾಗಿ ಬಿಟ್ಟು ಬಂದಿತ್ತು. ಹಲಗೆಯ ಮೇಲೆ ಅಂಟಿನ ಗುರುತೇ ಇರಲಿಲ್ಲ. ಕಟ್ಟಿಗೆ ಅಂಟನ್ನು ಕುಡಿದೇ ಇರಲಿಲ್ಲ. ಅಂದರೆ ಬೇರೆ ಏನನ್ನೋ ಮೊದಲೇ ಕುಡಿದಿತ್ತು.

ಮರುದಿನ ಬೆಳಿಗ್ಗೆ ಹಲಗೆಯ ಮೇಲೆ ಒಂದು ಹನಿ ನೀರು ಬಿಟ್ಟಳು. ಕೆಸುವಿನ ಎಲೆಯ ಮೇಲಿನಂತೆ ಅದು ಗುಂಡಗೆ ನಿಂತಿತು. ಆಮೇಲೆ ಹಸಿ ಬಟ್ಟೆ ಹಾಸಿ, ಒಳಗೇನಿದೆಯೋ ಹೊರಬರಲೆಂದು ಇಸ್ತ್ರಿಪೆಟ್ಟಿಗೆಯನ್ನು ಮೆಲ್ಲಗೆ ಒತ್ತಿದಳು. ಆವಿಯ ಜೊತೆ ಬಂದ ವಾಸನೆ ಅವಳಿಗೆ ತೀರ ಪರಿಚಿತವಾದದ್ದು. ಆದರೂ ಅದನ್ನು ಹೆಸರಿಸಿದವರು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ರೇಣುಕವ್ವ.

"ಸುವರ್ಣಾ, ಆ ಕೋಲ್ಯಾಗ ಕುಸುಬಿ ಎಣ್ಣಿ ಯಾಕ ಕಾಸಾಕತ್ತೀದಿ?"

ಸುವರ್ಣಾ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಕೂತುಬಿಟ್ಟಳು.

ಮಹಾನವಮಿಯ ದಿನ ಈ ಮನೆಯಲ್ಲಿ ಖಂಡೇಪೂಜೆ, ಆಯುಧಗಳ ಪೂಜೆ. ಕುಡುಗೋಲು, ಕೊಡಲಿ, ತಕ್ಕಡಿ, ತೂಕದ ಕಲ್ಲು, ಸೈಕಲ್ಲು, ಈಗ ಲ್ಯಾಪ್‌ಟಾಪು ಕೂಡ, ಎಲ್ಲ ಸಾಲಾಗಿ ಕೂರುತ್ತವೆ. ಕಟ್ಟಿಗೆ ಇರುವ ವಸ್ತುವಿಗೆಲ್ಲ ರೇಣುಕವ್ವ ಗಾಣದ ಕುಸುಬಿ ಎಣ್ಣೆ ಹಚ್ಚುತ್ತಾರೆ. ಕೊಡಲಿಯ ಕಾವು ಒಣಗಿ ಸೀಳಬಾರದು, ಕುಡುಗೋಲಿನ ಹಿಡಿ ಸಡಿಲಾಗಬಾರದು. ಅದು ಸರಿಯಾದ ಕ್ರಮವೇ. ಆ ಸಾಲಿನಲ್ಲಿ ಗಿಟಾರವೂ ಕೂರುತ್ತಿತ್ತು. ಮೂಲೆ ಮೂಲೆಗೆ, ಅದರಲ್ಲೂ ಬ್ರಿಡ್ಜಿನ ಸುತ್ತ ಸಂದಿಯಲ್ಲಿ, ಅತ್ತೆ ಬೆರಳಿನಿಂದ ತೀಡಿ ತೀಡಿ ಎಣ್ಣೆ ಇಳಿಸುತ್ತಿದ್ದರು. ಮದುವೆಯಾದ 1981ರಿಂದ ಕಳೆದ ವರ್ಷದವರೆಗೆ ನಲವತ್ತೆರಡು ಸಲ. ಕೊನೆಯ ಹದಿನೇಳು ಸಲ ಪಕ್ಕದಲ್ಲಿ ಎಣ್ಣೆಯ ಬಟ್ಟಲು ಹಿಡಿದು ನಿಂತವಳು, ಕುಸುಬಿ ಎಣ್ಣೆ ಗಾಳಿಗೆ ಒಣಗಿ ಪೊರೆಯಾಗುತ್ತದೆ ಎಂದು ಮಕ್ಕಳಿಗೆ ಪಾಠ ಮಾಡುವ ಇವಳೇ.

ಮೊದಲ ಹದಿನೇಳು ವರ್ಷ ಎಣ್ಣೆ ಅಂಟನ್ನು ಸಡಿಲಿಸಿತು, ತಂತಿಗಳು ಬ್ರಿಡ್ಜನ್ನು ಎಳೆದವು, ಎತ್ತರ ವರ್ಷಕ್ಕೆ ಕೂದಲೆಳೆಯಷ್ಟು ಏರಿತು. ಕೂದಲೆಳೆಯಷ್ಟು ಏರಿದ್ದು ಯಾರಿಗೂ ತಿಳಿಯುವುದಿಲ್ಲ. ಕೈ ಸೋಲುತ್ತಿದೆ ಎಂದಷ್ಟೇ ತಿಳಿಯುತ್ತದೆ.

ರಾತ್ರಿ ಊಟಕ್ಕೆ ಬಡಿಸುವಾಗ ಗಂಡನಿಗೆ ಮೆಲ್ಲಗೆ ವಿಷಯ ಹೇಳಿದಳು. ಅಮರೇಶ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಅವ್ವನ ಮುಂದೆ ಬಾಯಿ ಬಿಡಬೇಡ ಎಂದ. ಈ ವರ್ಷ ಅಂಟು ಇನ್ನೂ ಹಸಿ ಇದೆ, ಎಣ್ಣೆ ಬೇಡ ಎಂದು ಹೇಳಿದರಾಯಿತು. ಮುಂದಿನ ವರ್ಷದ್ದು ಮುಂದಿನ ವರ್ಷಕ್ಕೆ. ಸುವರ್ಣಾ ಹೂಂ ಎಂದಳು. ಸೊಸೆಯಾದವಳು ಅತ್ತೆಯ ನಲವತ್ತೆರಡು ವರ್ಷದ ಪೂಜೆಯ ತಪ್ಪು ಎತ್ತಿ ಆಡುವುದು ಸಣ್ಣ ವಿಷಯವಲ್ಲ ಎಂದು ಅವಳಿಗೂ ಗೊತ್ತಿತ್ತು.

ಮುಂದಿನ ಎಂಟು ದಿನ ಅವಳು ಎಣ್ಣೆ ತೆಗೆಯುವುದರಲ್ಲೇ ಕಳೆದಳು. ಪೊರೆಯಾಗಿ ಒಣಗಿದ್ದ ಮೇಲ್ಪದರವನ್ನು ಒಡೆದ ಗಾಜಿನ ಅಂಚಿನಿಂದ ಕೆರೆದಳು. ಅದರ ಕೆಳಗೆ ಇನ್ನೂ ಹಸಿಯಾಗಿದ್ದುದನ್ನು ಹೀರಲು ಸೀಮೆಸುಣ್ಣ ಕುಟ್ಟಿ ಪುಡಿ ಮಾಡಿ, ಅಸಿಟೋನಿನಲ್ಲಿ ಕಲಸಿ, ಗಾಯಕ್ಕೆ ಅರಿಶಿನ ಹಚ್ಚುವಂತೆ ಹಚ್ಚಿದಳು. ಒಣಗಿದ ಮೇಲೆ ಪುಡಿ ತೆಗೆದರೆ ಹಳದಿಯಾಗಿರುತ್ತಿತ್ತು. ಮತ್ತೆ ಹಚ್ಚುವಳು. ಪ್ರತಿದಿನ ಸಂಜೆ ಒಂದು ಹನಿ ನೀರು ಬಿಟ್ಟು ಪರೀಕ್ಷೆ. ಮೊದಲ ದಿನ ಗುಂಡಗೆ ನಿಂತ ಹನಿ ನಾಲ್ಕನೆಯ ದಿನ ಸ್ವಲ್ಪ ಚಪ್ಪಟೆಯಾಯಿತು. ಆರನೆಯ ದಿನವೂ ಅಷ್ಟೇ ಇತ್ತು. ಆಗ ಅವಳು ಅನುಮಾನ ಬಂದು ಗಜೇಂದ್ರಗಡದ ಬಸ್ಸು ಹತ್ತಿದಳು.

ಅಲ್ಲಿ ಹಾರ್ಮೋನಿಯಂ, ತಬಲಾ ದುರಸ್ತಿ ಮಾಡುವ ಮಹಮ್ಮದಸಾಬರ ಪುಟ್ಟ ಅಂಗಡಿ ಇದೆ. ಅವರು ಗಿಟಾರನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದರು.

"ದಸರಾ ಎಣ್ಣಿ," ಎಂದರು. "ನಿಮ್ಮದೊಂದ ಅಲ್ರಿ ಬಾಯಿ. ಭಜನಿ ಮ್ಯಾಳದವರ ಪೆಟ್ಟಿಗಿ, ದಪ್ಪು, ಎಲ್ಲಾ ಎಣ್ಣಿ ಕುಡದ ಬರ್ತಾವು. ಹಬ್ಬ ಆಗಿ ಒಂದ ತಿಂಗಳಕ್ಕ ನಮಗ ಸುಗ್ಗಿ."

ನಮ್ಮಲ್ಲೂ ಹಾಗೆಯೇ, ನಮ್ಮ ತಾಯಿ ನನ್ನ ಕರಗಸದ ಹಿಡಿಗೆ ಹಚ್ಚುತ್ತಿದ್ದಳು ಎಂದು ಅವರು ನಕ್ಕರು. ಒಂದು ಉಪಾಯವನ್ನೂ ಹೇಳಿಕೊಟ್ಟರು: ಕಟ್ಟಿಗೆಯಿಂದ ಕಟ್ಟಿಗೆಯ ವಾಸನೆ ಬರುವವರೆಗೆ ಕೆರೆಯಬೇಕು, ಅಂಜಬಾರದು, ಕಾಗದದಷ್ಟು ದಪ್ಪ ಹೋದರೂ ಚಿಂತೆಯಿಲ್ಲ. ಬ್ರಿಡ್ಜಿನ ಮೇಲೆ ತಂತಿ ಆತುಕೊಳ್ಳುವ ಸಣ್ಣ ಪಟ್ಟಿಯೂ ಸವೆದಿತ್ತು. ಅದಕ್ಕೆ ಎಲುಬಿನ ಪಟ್ಟಿ ತೆಗೆದವರು ಅವಳ ಕೊರಳಲ್ಲಿದ್ದ ಲಿಂಗದ ದಾರ ನೋಡಿ, ಹೇಳಿಸಿಕೊಳ್ಳದೆಯೇ ಅದನ್ನು ಒಳಗಿಟ್ಟು, ಬೀಟೆ ಕಟ್ಟಿಗೆಯದೊಂದನ್ನು ಅಳತೆಗೆ ತೀಡಿ ಕೊಟ್ಟರು.

ಬುಧವಾರ, 18ರಂದು, ನೀರಿನ ಹನಿ ಬಿಟ್ಟ ಕೂಡಲೇ ಹಲಗೆಯಲ್ಲಿ ಹರಡಿ ಇಂಗಿತು. ಅವತ್ತೇ ಅಂಟಿಸಿದಳು. ಕಲ್ಲುಗಳನ್ನು ಮೂರು ದಿನ ಇಳಿಸಲಿಲ್ಲ. ಭಾನುವಾರ ಮಧ್ಯಾಹ್ನ ಆರೂ ತಂತಿ ಏರಿಸಿ, ಸರಿಯಾದ ಶ್ರುತಿಗೆ ತಂದು, ಕೈ ಕಟ್ಟಿಕೊಂಡು ಎರಡು ಗಂಟೆ ಅದರ ಮುಂದೆ ಕೂತಳು. ಬ್ರಿಡ್ಜ್ ಕದಲಲಿಲ್ಲ. ತಂತಿಯ ಎತ್ತರ ಎರಡು ಪಾಯಿಂಟ್ ಆರು ಮಿಲಿಮೀಟರ್ ಬಂತು.

ಓಡಿಹೋಗಿ ಮಾವನಿಗೆ ತೋರಿಸಿದಳು. ತೋಟಪ್ಪನವರು ಕ್ಯಾಲಿಪರನ್ನು ಕನ್ನಡಕ ಹಾಕಿಕೊಂಡು ಓದಿದರು, ಚಲೋ ಆಯಿತು ಎಂದರು, ಗಿಟಾರ ಮುಟ್ಟಲಿಲ್ಲ. ನೀನೇ ಕಲಿ, ನಿನ್ನ ಕೈ ಗಟ್ಟಿ ಇದೆ ಎಂದರು. ಸುವರ್ಣಾ ಒತ್ತಾಯಿಸಿದಳು. ಆಗ ಅವರು ಎಡಗೈಯನ್ನು ಅಂಗಿಯ ಕಿಸೆಗೆ ಸೇರಿಸಿದರು. ಅವರ ಲೆಕ್ಕದಲ್ಲಿ ಮೊದಲು ಕೈ ಹೋಗಿತ್ತು. ಬಾರಿಸುವವರಿಲ್ಲದೆ ಮೊಳೆಗೆ ಬಿದ್ದು ಆಮೇಲೆ ಗಿಟಾರ ಕೆಟ್ಟಿತ್ತು. ಈಗ ಗಿಟಾರ ಸರಿಯಾದರೆ ಕೈಗೇನಾಯಿತು? ಕೈ ಸೋಲುವ ಮೊದಲೇ ಗಿಟಾರ ಕೆಡಲು ಶುರುವಾಗಿತ್ತು ಎಂದು ಅವರು ನಂಬಬೇಕಾದರೆ, ಯಾವುದರಿಂದ ಎಂದು ಹೇಳಬೇಕಿತ್ತು. ಅದೊಂದನ್ನು ಬಿಟ್ಟು ಸುವರ್ಣಾ ಎಲ್ಲವನ್ನೂ ಹೇಳಿದ್ದಳು.

ಸೋಮವಾರ ಬೆಳಿಗ್ಗೆ ಪಡಸಾಲೆಯಲ್ಲಿ ಕಂಬಳಿ ಹಾಸಿ ಆಯುಧಗಳನ್ನು ಸಾಲಾಗಿ ಇಟ್ಟರು. ತೋಟಪ್ಪನವರು ಮಡಿ ಉಟ್ಟು ಮಣೆಯ ಮೇಲೆ ಕೂತಿದ್ದರು. ಅಮರೇಶ ಬನ್ನಿ, ಚೆಂಡು ಹೂವು ಬಿಡಿಸುತ್ತಿದ್ದ. ರೇಣುಕವ್ವ ಕೊಡಲಿ, ಕುಡುಗೋಲು ಮುಗಿಸಿ, ಗಿಟಾರಿನ ಮುಂದೆ ಬಂದು ಎಣ್ಣೆಗೆ ಬೆರಳು ಅದ್ದಿದರು. ಬಟ್ಟಲು ಹಿಡಿದಿದ್ದ ಸುವರ್ಣಾ ಅದನ್ನು ಹಿಂದಕ್ಕೆ ಎಳೆದುಕೊಂಡಳು.

"ಅತ್ತೀ, ಇದಕ್ಕ ಎಣ್ಣಿ ಬ್ಯಾಡ್ರಿ."

"ಯಾಕ?"

ಅಮರೇಶ ಹೂವಿನಿಂದ ತಲೆ ಎತ್ತಿ, ಅಂಟು ಇನ್ನೂ ಹಸಿ ಇದೆಯಂತೆ ಎಂದ. ಸುವರ್ಣಾ ಅವನ ಕಡೆ ನೋಡಲಿಲ್ಲ. ಮಣೆಯ ಮೇಲೆ ಕೂತವರ ಎಡಗೈ ಮಡಿಯ ಮಡಿಕೆಯೊಳಗಿತ್ತು.

"ಅಂಟು ಒಣಗೇತ್ರಿ. ಎಣ್ಣಿ ಹಚ್ಚಿ ಹಚ್ಚಿನ ಅದು ಬಿಟ್ಟಿತ್ತು. ನಾನೂ ಹದಿನೇಳು ವರ್ಷ ಬಟ್ಟಲಾ ಹಿಡದೀನಿ, ನನಗೂ ತಿಳೀಲಿಲ್ಲ. ಮಾವಾರ ಬಾರಸೂದು ಬಿಡೂದಕ್ಕ ಮೊದಲ ಅದು ಏಳಾಕತ್ತಿತ್ತು. ಅವರ ಕೈ ಹೋಗಿಲ್ರಿ. ತಂತಿ ಮ್ಯಾಲೆ ಹೋಗಿತ್ತು."

ರೇಣುಕವ್ವ ಎಣ್ಣೆಯ ಬೆರಳನ್ನು ಹಾಗೆಯೇ ಗಾಳಿಯಲ್ಲಿ ಹಿಡಿದು ನಿಂತರು. ಬೆರಳ ತುದಿಯಿಂದ ಒಂದು ಹನಿ ಕಂಬಳಿಯ ಮೇಲೆ ಬಿತ್ತು. ಅಮರೇಶ ಹೂವು ಬಿಡಿಸುವುದನ್ನು ಬಿಟ್ಟ. ಆಮೇಲೆ ಅವರು ಬೆರಳನ್ನು ತಮ್ಮ ತಲೆಗೇ ಒರೆಸಿಕೊಂಡು, ಗಂಡನ ಕಡೆ ತಿರುಗಿದರು.

"ಕೇಳಿದ್ರಿಲ್ಲೊ? ಮದುವ್ಯಾದ ವರ್ಷ ಇದು ನನ್ನ ಆಯುಧ, ಇದನ್ನ ಪೂಜಿಗೆ ಇಡು ಅಂದವರು ಯಾರು? ನಾ ಏನ ಇದನ್ನ ನೋಡಿದಾಕಿನ? ಕೊಡ್ಲಿಗೆ ಹಚ್ಚಿದಂಗ ಹಚ್ಚಿದೆ. ಏರೇತಿ ಅಂತ ನೀವರ ಒಂದಿನ ಅಳದು ನೋಡಬೇಕಿಲ್ಲೊ? ದಿನಾ ತಕ್ಕಡಿ ಹಿಡಿಯೋ ಮನಷ್ಯಾ."

ತೋಟಪ್ಪನವರು ಗಿಟಾರನ್ನೇ ನೋಡುತ್ತಿದ್ದರು. ಮನಸ್ಸಿನಲ್ಲಿ ವರ್ಷಗಳನ್ನು ಹಿಂದಕ್ಕೆ ಎಣಿಸುತ್ತಿರುವಂತೆ ಅವರ ತುಟಿ ಅಲುಗುತ್ತಿತ್ತು. ತೊಂಬತ್ತೈದರಲ್ಲೇ ಬೆರಳು ಉರಿಯುತ್ತಿತ್ತು ಎಂದರು ಕೊನೆಗೆ, ಯಾರಿಗೋ ಅಲ್ಲ, ತಮಗೇ. ಅದರ ಹಿಂದಿನ ವರ್ಷವೂ. ಆಮೇಲೆ ಹೆಂಡತಿಯನ್ನು ನೋಡಿದರು.

"ಅಂದ್ರ ನನ್ನ ಕೈ ಅಲ್ಲ, ನಿನ್ನ ಕೈ."

"ಹೌದ್ರಿ, ನನ್ನ ಕೈನ. ಅದ ಕೈಲೆ ಎರಡ ವರ್ಷ ಗುಂಡಿ ಹಾಕಿಸ್ಕೊಂಡೀರಿ. ನಾಳಿಂದ ನೀವ ಹಾಕ್ಕೋರಿ."

ಅಮರೇಶನಿಗೆ ನಗು ತಡೆಯಲಾಗಲಿಲ್ಲ. ರೇಣುಕವ್ವ ಬಟ್ಟಲನ್ನು ಸೊಸೆಯ ಕೈಯಿಂದ ಕಿತ್ತುಕೊಂಡು, ಇದಕ್ಕೆ ಏನು ಹಚ್ಚಬೇಕು ಹಾಗಾದರೆ, ಬರಿಗೈಯಲ್ಲಿ ಪೂಜೆ ಮಾಡಲೇ ಎಂದು ಗದರಿದರು. ದನಿ ಗಟ್ಟಿಯಿತ್ತು, ಕಣ್ಣಂಚು ತೇವವಾಗಿತ್ತು. ಒಣ ಬಟ್ಟೆಯಿಂದ ಒರೆಸಿದರೆ ಸಾಕು, ಹೂವು ಇಡಬಹುದು ಎಂದಳು ಸುವರ್ಣಾ. ಅವರು ತಮ್ಮ ಸೆರಗಿನ ತುದಿಯಿಂದಲೇ ಅದನ್ನು ತಲೆಯಿಂದ ಬುಡದವರೆಗೆ ಒರೆಸಿದರು. ಬ್ರಿಡ್ಜಿನ ಹತ್ತಿರ ಬಂದಾಗ ಕೈ ತಾನಾಗಿ ನಿಧಾನವಾಯಿತು.

ಮಂಗಳಾರತಿ ಆಯಿತು. ಹೋಳಿಗೆಗೆ ಇನ್ನೂ ಹೊತ್ತಿತ್ತು. ತೋಟಪ್ಪನವರು ತಾವಾಗಿಯೇ ಮಣೆಯಿಂದ ಎದ್ದು ಗಿಟಾರನ್ನು ಎತ್ತಿಕೊಂಡು ಕಂಬಕ್ಕೆ ಒರಗಿ ಕೂತರು. ಎಡಗೈಯ ತೋರುಬೆರಳನ್ನು ಮೊದಲ ಗೆರೆಯ ಹಿಂದೆ ಅಡ್ಡ ಮಲಗಿಸಿದರು. ಉಳಿದ ಮೂರು ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಅವುಗಳ ಜಾಗಕ್ಕೆ ತಂದು ಕೂರಿಸಿದರು. ಬಾರಿಸಿದಾಗ ಮೂರು ತಂತಿ ನುಡಿದವು, ಮೂರು ಗೊಗ್ಗರು ದನಿ ಮಾಡಿದವು. ಅವರು ಸೊಸೆಯ ಮುಖ ನೋಡಿದರು. ಮೊಣಕೈಯನ್ನು ಸ್ವಲ್ಪ ಒಳಗೆ ತಂದು ಮತ್ತೆ ಒತ್ತಿದರು, ಐದು ನುಡಿದವು. ಮೂರನೆಯ ಸಲಕ್ಕೆ ಆರೂ ತಂತಿ ಒಟ್ಟಿಗೆ, ಒಂದೂ ಗೊಗ್ಗರಾಗದೆ, ಪಡಸಾಲೆ ತುಂಬ ಕೇಳಿಸಿದವು.

ಅಡುಗೆಮನೆಯಲ್ಲಿ ಹೂರಣ ರುಬ್ಬುತ್ತಿದ್ದ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಅವರು ಕಣ್ಣು ಮುಚ್ಚಿ ಯಾವುದೋ ಹಳೆಯ ಧಾಟಿ ಹುಡುಕತೊಡಗಿದರು. ಎಡವುತ್ತಿದ್ದರು, ಹಿಂದಕ್ಕೆ ಹೋಗುತ್ತಿದ್ದರು, ತಪ್ಪಿದ ಕಡೆ ಬೆರಳುಗಳನ್ನೇ ಬೈದುಕೊಳ್ಳುತ್ತಿದ್ದರು, ಹೋದವನ್ನಲ್ಲ, ಇನ್ನೂ ಇರುವವನ್ನು ಬೈಯುವ ಹಾಗೆ. ತುದಿಗಳು ಕೆಂಪಾದಾಗ ಬಾಯಿಗಿಟ್ಟು ಊದಿಕೊಂಡು ಮತ್ತೆ ಹಿಡಿದರು. ಸುವರ್ಣಾ ಗೋಡೆಯ ಗಡಿಯಾರದ ಕೆಳಗೆ ಕೂತು ಚೆಂಡು ಹೂವಿನ ದೇಟು ತೆಗೆಯುತ್ತಿದ್ದಳು. ಶುರುವಾದಾಗ ಗಂಟೆ ಎಷ್ಟಿತ್ತೆಂದು ಅಭ್ಯಾಸಬಲದಿಂದ ನೋಡಿಕೊಂಡಿದ್ದಳು. ಎಲೆ ಹಾಕಿದೆ ಬನ್ನಿ ಎಂದು ರೇಣುಕವ್ವ ಎರಡನೆಯ ಸಲ ಕರೆದು ಅವರು ಗಿಟಾರನ್ನು ಕೆಳಗಿಟ್ಟಾಗ ಮತ್ತೆ ನೋಡಿದಳು. ಇಪ್ಪತ್ತಾರು ನಿಮಿಷ.